ತಲೆ ತಿರುಗುವ ತವರು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಸಿಟ್ಟಿಗೂ ನನ್ನ ಕಾಯಿಲೆಗೂ ಆಗಿಬರುವುದಿಲ್ಲ. ಯಾರಾದರೂ ಬೆನ್ನ ಹಿಂದೆ ಏನಾದರೂ ಅಂದರೆ ಗಿರಕ್ಕನೆ ತಿರುಗಿ ಉತ್ತರ ಕೊಡುವುದು ನನ್ನ ಹುಟ್ಟುಗುಣ. ಈಗ ಹಾಗೆ ತಿರುಗಿದರೆ ನಾನು ಒಂದೇ ಸಲ ತಿರುಗುತ್ತೇನೆ, ನಮ್ಮ ಕಲ್ಲೋಳಿ ಊರು ಮಾತ್ರ ತಿರುಗುತ್ತಲೇ ಇರುತ್ತದೆ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮ ಅತ್ತೆ ಕಾಶೆವ್ವನ ಬಾಯಿಂದ ಅದು ಇವತ್ತಿನವರೆಗೂ ಪೂರ್ತಿ ಹೊರಬಿದ್ದಿಲ್ಲ. "ಅದ ಐತಲ್ಲ, ನರದ್ದು" ಎಂದು ಮುಗಿಸಿಬಿಡುತ್ತಾಳೆ. ಬೆಳಗಾವಿಯ ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದರು: "ಬೋರಿನ ಮೋಟರಿಗೆ ಹೋಗೋ ವೈರ್ ಇರತೈತಲ್ಲವಾ, ಅದರ ಮ್ಯಾಲಿನ ರಬ್ಬರ ಅಲ್ಲಲ್ಲಿ ಸುಲದಂಗ. ಕರೆಂಟ್ ಹೋಗತೈತಿ, ಆದರ ನೆಟ್ಟಗ ಹೋಗೂದಿಲ್ಲ." ಪೂರ್ತಿ ವಾಸಿಯಾಗುವಂಥದ್ದಲ್ಲ, ಔಷಧಿ ಬಿಡದೆ ತೆಗೆದುಕೊಂಡರೆ ಹತೋಟಿಯಲ್ಲಿ ಇಡಬಹುದು ಎಂದರು. ಆವತ್ತು ಬರುವಾಗ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ನನ್ನ ಗಂಡ ಮಾಲಿಂಗ ಒಂದು ಕೇಜಿ ಪೇರಲಹಣ್ಣು ಕೊಡಿಸಿದ.

ಡಾಕ್ಟರು ಹೆಸರು ಹೇಳುವುದಕ್ಕೆ ಮುಂಚೆ ಊರಿನವರೇ ನನ್ನ ಕಾಯಿಲೆಗೊಂದು ಹೆಸರು ಇಟ್ಟಿದ್ದರು: ಮೈಮೇಲೆ ದೇವರು ಬರುವುದು. ಒಂದು ಮಂಗಳವಾರ ಗುಡಿಯ ಮುಂದೆ ಕಂಬ ಹಿಡಿದು ತೂಗಾಡುತ್ತಾ ನಿಂತಿದ್ದೆ. ಬಾಜೂ ಮನೆಯ ತಾಯವ್ವ ನನ್ನ ಮೈಮೇಲೆ ದೇವರು ಬಂದಿದೆಯೆಂದು ತಿಳಿದು ಕಾಲಿಗೇ ಬಿದ್ದಳು.

"ತಾಯೀ, ನಮ್ಮ ಎಮ್ಮಿ ನಿನ್ನೆಯಿಂದ ಮನೀಗೆ ಬಂದಿಲ್ಲ. ಎಲ್ಲಿ ಐತಿ ಹೇಳ."

"ನಿನ್ನ ಎಮ್ಮಿ ಸುಡಗಾಡಕ್ಕ ಹೋಗಲಿ, ಮೊದಲ ನನಗೊಂದ ತಂಬಗಿ ನೀರ ಕೊಡು!" ಎಂದೆ.

ತಾಯವ್ವ ನೀರು ಕೊಡಲಿಲ್ಲ, ಸುಡುಗಾಡಿಗೆ ಓಡಿದಳು. ಹಾಳಾದ ಎಮ್ಮೆ ಅಲ್ಲೇ ಮೇಯುತ್ತಿತ್ತು! ಆಮೇಲೆ ಎಷ್ಟೋ ದಿನ ನಮ್ಮ ಮನೆಗೆ ಹರಕೆಯ ತೆಂಗಿನಕಾಯಿ ಬರುವುದು ತಪ್ಪಲಿಲ್ಲ. ಅತ್ತೆ ಚಟ್ನಿ ಅರೆದೂ ಅರೆದೂ ಸುಸ್ತಾದಳು.

ತಲೆ ತಿರುಗುವುದನ್ನು ಪಳಗಿಸಲು ಕಲಿಸಿದವಳು ಘಟಪ್ರಭಾದ ಸರಿತಾ. ವ್ಯಾಯಾಮ ಮಾಡಿಸುವ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹೆಬ್ಬೆರಳು ಮುಂದೆ ಹಿಡಿದು, ಅದರ ಮೇಲೆ ಕಣ್ಣು ನೆಟ್ಟು, ತಲೆಯನ್ನು ಮೆಲ್ಲಗೆ ಆಚೆ ಈಚೆ ಹೊರಳಿಸುವುದು. ಬೆಳಿಗ್ಗೆ ಹಾಸಿಗೆಯಿಂದ ಒಮ್ಮೆಲೇ ಏಳದೆ ಅಂಚಿನಲ್ಲಿ ಸ್ವಲ್ಪ ಕುಳಿತು ಏಳುವುದು. ಬಿಸಿಲು, ಸೆಕೆ ಎರಡನ್ನೂ ದೂರ ಇಡುವುದು. "ತಿರಗಾಕ ಚಾಲೂ ಆದ ಕೂಡಲೇ ಧೈರ್ಯ ತೋರಸಬ್ಯಾಡ್ರಿ ಅಕ್ಕಾರ, ಕುಂದರ್ರಿ. ಅಲುಗಾಡದ್ದ ಒಂದ ಏನರ ನೋಡ್ರಿ" ಎನ್ನುತ್ತಿದ್ದಳು. ನನ್ನ ಸಿಟ್ಟನ್ನು ಎರಡು ದಿನ ನೋಡಿದ ಮೇಲೆ ಇನ್ನೊಂದು ಮಾತು ಸೇರಿಸಿದಳು. "ಯಾರರ ಕರದರ ಮೊದಲ ಕಣ್ಣ ತಿರುಗಸ್ರಿ, ಆಮ್ಯಾಲೆ ತಲಿ, ಆಮ್ಯಾಲೆ ಮೈ. ಬಾಯಿ ಕಡೀಕ."

ಬಾಯಿ ಕೊನೆಗೆ ಎಂದರೆ ಹೇಗೆ? ಅದು ನನ್ನಿಂದ ಆಗಲಿಲ್ಲ. ನೋಡಿ ನೋಡಿ ಬೇಸತ್ತ ಕಾಶೆವ್ವ ಒಂದು ಹಳೆಯ ಸೀರೆಯ ತುಂಡು ಸುತ್ತಿ ಸಿಂಬಿ ಮಾಡಿ, ಕೊಡ ಹೊರುವಾಗ ಇಡುವ ಹಾಗೆ ನನ್ನ ತಲೆಯ ಮೇಲೆ ಇಟ್ಟಳು.

"ಇದು ಬಿದ್ದರ ಆವತ್ತಿನ ಚಾ ಬಂದ್" ಎಂದಳು.

ಚಹಾ ಇಲ್ಲದೆ ನನಗೆ ಬೆಳಗಾಗುವುದಿಲ್ಲ. ಮಾಲಿಂಗನಿಗೋ ಇದೊಂದು ಆಟವೇ ಆಯಿತು. ಬಾಗಿಲಲ್ಲಿ ನಿಂತು, "ಕಸ್ತೂರೀ, ಹಾಲ ಉಕ್ಕಾಕತ್ತಾವ!" ಎಂದು ಕೂಗುತ್ತಿದ್ದ. ನಾನು ಗಿರಕ್ಕನೆ ತಿರುಗುತ್ತಿದ್ದೆ, ಸಿಂಬಿ ನೆಲಕ್ಕೆ. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ! "ನಿಮ್ಮ ಬಾಯಿಗೆ ಮಣ್ಣ ಹಾಕ" ಎಂದು ಬೈಯುತ್ತಾ ಗೋಡೆ ಹಿಡಿದು ಕೂರುತ್ತಿದ್ದೆ. ಕೆಲವು ವಾರ ಚಹಾ ಕಳೆದುಕೊಂಡ ಮೇಲೆ ಬುದ್ಧಿ ಬಂತು. ಕಬ್ಬು ತುಂಬಿದ ಟ್ರ್ಯಾಕ್ಟರ್ ಓಣಿಯಲ್ಲಿ ಹೊರಳುವ ಹಾಗೆ ಇಡೀ ಮೈ ಸಮೇತ ನಿಧಾನವಾಗಿ ಹೊರಳುವುದನ್ನು ಕಲಿತೆ. ಬೈಗುಳವೂ ನಿಧಾನವಾಗಿ ಬರತೊಡಗಿತು. ಹಾಗೆ ಬೈದರೆ ಇನ್ನೂ ಚೆನ್ನಾಗಿ ತಾಗುತ್ತದೆ ಎನ್ನುತ್ತಾನೆ ಮಾಲಿಂಗ.

ಇಷ್ಟರಲ್ಲಿ ಬೆಲ್ಲದ ಬಾಗೇವಾಡಿಯಿಂದ ಫೋನು ಬಂತು. ಅಲ್ಲಿ ನನ್ನ ತಂಗಿ ಭಾಗ್ಯಾಳನ್ನು ಕೊಟ್ಟಿದ್ದೇವೆ. ಚೊಚ್ಚಲ ಬಸುರಿ, ಏಳನೆಯ ತಿಂಗಳ ಕುಬಸ ಗೊತ್ತು ಮಾಡಿದ್ದರು. ಕುಬಸವೆಂದರೆ ತವರಿನವರು ಸೀರೆ, ಕುಪ್ಪಸ, ರೊಟ್ಟಿ ಬುತ್ತಿ ತೆಗೆದುಕೊಂಡು ಹೋಗಿ, ಬಸುರಿಗೆ ಮೊದಲ ಉಡಿ ತುಂಬಬೇಕು. ಮಾತಾಡಿದವಳು ಭಾಗ್ಯಾಳ ಅತ್ತೆ ಶಿವಗಂಗವ್ವ. ಮಾಲಿಂಗ ಫೋನಿನ ಸ್ಪೀಕರ್ ಹಾಕಿದ್ದ, ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

"ತಪ್ಪ ತಿಳಕೋಬ್ಯಾಡ್ರಿ ಮಾಲಿಂಗಪ್ಪ. ಕಸ್ತೂರಿ ಬರಲಿ, ಹೊಟ್ಟಿ ತುಂಬ ಉಣ್ಣಲಿ. ಉಡಿ ಮಾತ್ರ ನಿಮ್ಮ ಪೈಕಿ ಬ್ಯಾರೆ ಯಾರರ ತುಂಬಲಿ. ನಟ್ಟನಡುವ ತಲಿ ತಿರುಗಿ ಬಿದ್ದಳಂದ್ರ ಹೆಂಗ? ತವರಿನ ಉಡಿ ಅರ್ಧಕ್ಕ ನಿಂದ್ರಬಾರದರಿ, ಕೂಸಿಗೆ ಚಲೋ ಅಲ್ಲ."

ಬೇರೆ ಯಾರು? ನಮ್ಮವ್ವ ಸತ್ತಾಗ ಭಾಗ್ಯಾ ಅಂಗನವಾಡಿಗೆ ಹೋಗುತ್ತಿದ್ದಳು. ಅವಳ ತಲೆಯ ಹೇನು ತೆಗೆದವಳು ನಾನು, ಶಾಲೆಗೆ ಹಾಕಿದವಳು ನಾನು, ಮದುವೆಯಲ್ಲಿ ಕೈ ಹಿಡಿದು ಒಪ್ಪಿಸಿಕೊಟ್ಟವಳೂ ನಾನು. ಎದೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಕಣ್ಣು, ತಲೆ, ಮೈ ಎಲ್ಲ ಸರದಿಯ ಪ್ರಕಾರ ಹೊರಳಿಸಿ, ಗಂಡನ ಕೈಯಿಂದ ಫೋನು ತೆಗೆದುಕೊಂಡೆ.

"ಶಿವಗಂಗಕ್ಕಾರ, ಭಾಗ್ಯಾನ ತವರ ಅಂದ್ರ ನಾನ. ಉಡಿ ನಾನ ತುಂಬತೀನಿ. ಬೀಳೂದಿಲ್ಲ."

ಬೀಳುವುದಿಲ್ಲ ಎಂದು ಹೇಳಿಯೇನೋ ಬಿಟ್ಟೆ. ಸಿಟ್ಟಿನಲ್ಲಿ ಮಾತು ಕೊಡುವುದು ಸುಲಭ, ಕಾಯಿಲೆ ಆ ಮಾತು ಕೇಳಬೇಕಲ್ಲ!

ಕುಬಸದ ದಿನ ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ ಹೊರಟೆವು. ತಿರುವುಗಳಲ್ಲಿ ಹಿಂದೆ ಕುಳಿತರೆ ನನ್ನ ಕಥೆ ಮುಗಿದ ಹಾಗೆ, ಅದಕ್ಕೇ ಡ್ರೈವರನ ಪಕ್ಕ ಕುಳಿತು ರಸ್ತೆಯ ಮೇಲೆಯೇ ಕಣ್ಣಿಟ್ಟೆ. ಕುತ್ತಿಗೆಗೆ ಒದ್ದೆ ಟವೆಲು. ಹಿಂದೆ ಕಾಶೆವ್ವ ಸಜ್ಜೆ ರೊಟ್ಟಿಯ ಬುಟ್ಟಿಯನ್ನು ಮೊಮ್ಮಗುವಿನ ಹಾಗೆ ತಬ್ಬಿಕೊಂಡು, ಗಾಡಿ ಕುಣಿದಾಗಲೆಲ್ಲ ಡ್ರೈವರನಿಗೆ ಬೈಯುತ್ತಿದ್ದಳು. ಬಾಗೇವಾಡಿಯಲ್ಲಿ ಇಳಿದಾಗ ನಾನು ನೆಟ್ಟಗೆ ನಿಂತಿದ್ದೆ. ಗೆದ್ದೆ ಅಂದುಕೊಂಡೆ.

ಒಳಗೆ ಹೋದರೆ ಪಡಸಾಲೆಯ ತುಂಬ ಹೆಂಗಸರು. ಬಾಳೆಕಂಬ ಕಟ್ಟಿದ ಎತ್ತರದ ಕುರ್ಚಿಯಲ್ಲಿ ಹಸಿರು ಸೀರೆ, ಕೈತುಂಬ ಹಸಿರು ಬಳೆಯ ಭಾಗ್ಯಾ. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಅಡುಗೆಮನೆಯಿಂದ ಹೋಳಿಗೆಯ ಹಬೆ. ಆ ಸೆಕೆಯಲ್ಲಿ ಟವೆಲು ಕೂಡ ಬೆಚ್ಚಗಾಗಿತ್ತು. ಶಿವಗಂಗವ್ವ ನನ್ನ ಬೆನ್ನಿಗೇ ನಿಂತಿದ್ದಳು. ಬಿದ್ದರೆ ಹಿಡಿಯಬೇಕೆಂದೋ, ಬೀಳುವುದನ್ನು ನೋಡಬೇಕೆಂದೋ, ನನಗೆ ತಿಳಿಯಲಿಲ್ಲ.

ಕೆಳಗಿನ ತಟ್ಟೆಯಿಂದ ಬೊಗಸೆ ತುಂಬ ಅಕ್ಕಿ ತೆಗೆದು ಮೇಲೆ ಅವಳ ಸೆರಗಿಗೆ ಹಾಕಬೇಕು. ಐದು ಸಲ. ಬಗ್ಗುವುದು, ಏಳುವುದು. ಒಂದಾಯಿತು. ಎರಡಾಯಿತು. ಹೆಂಗಸರು ಹಾಡುತ್ತಿದ್ದರು. ಮೂರನೆಯದನ್ನು ಹಾಕಿ ಮತ್ತೆ ಬಗ್ಗಿದೆ ನೋಡಿ, ತಟ್ಟೆ ಜಾರಿತು, ನೆಲ ಜಾರಿತು, ಬಾಳೆಕಂಬ ಕುಣಿಯತೊಡಗಿತು. ಕುರ್ಚಿಯ ಕೈ ಹಿಡಿದು ನಿಂತೆ. ಇನ್ನೆರಡೇ ಬೊಗಸೆ! ಹಲ್ಲು ಕಚ್ಚಿ ಮುಗಿಸಿಬಿಡೋಣ, ಯಾರಿಗೂ ಗೊತ್ತಾಗದು ಎನಿಸಿತು. ಆದರೆ ಬಿದ್ದರೆ ಬೀಳುವುದು ಎಲ್ಲಿ? ಭಾಗ್ಯಾಳ ಹೊಟ್ಟೆಯ ಮೇಲೆ.

"ಹಾಡ ನಿಂದರಸ್ರಿ" ಎಂದೆ. "ನನಗ ತಲಿ ತಿರಗಾಕತ್ತೈತಿ. ನಾ ಕುಂದರತೀನಿ."

ಎಂಥ ಜಂಬದ ಹೆಂಗಸು ನಾನು, ಅಷ್ಟು ಜನರ ಮುಂದೆ ಈ ಮಾತನ್ನು ಹಿಂದೆಂದೂ ಆಡಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತೆ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಅಯ್ಯ ಶಿವನ, ತವರಿನ ಉಡಿ ಅರ್ಧಕ್ಕ ನಿಂತಿತಲ್ಲ" ಎಂದಳು ಶಿವಗಂಗವ್ವ.

ಬಳೆಗಳ ಸದ್ದಾಯಿತು. ಭಾಗ್ಯಾ ಒಂದು ಕೈಯಲ್ಲಿ ಸೆರಗಿನ ಅಕ್ಕಿ, ಇನ್ನೊಂದರಲ್ಲಿ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಇಳಿಯುತ್ತಿದ್ದಳು. "ಏ, ಏ, ಏಳಬ್ಯಾಡ" ಎಂದು ನಾಲ್ಕು ಜನ ಕೂಗಿದರು. ಅವಳು ಯಾರ ಮಾತೂ ಕೇಳದೆ ನನ್ನ ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕುಳಿತು ಸೆರಗು ಹರಡಿದಳು.

"ಅರ್ಧಕ್ಕ ಎಲ್ಲಿ ನಿಂತೈತ್ರಿ ಅತ್ತಿ? ಬರೇ ಕೆಳಗ ಬಂದೈತಿ. ಯಕ್ಕಾ, ನಿನಗ ಅವಸರ ಇಲ್ಲ. ಹಾಕು."

ನಾಲ್ಕನೆಯ ಬೊಗಸೆಯಲ್ಲಿ ಅರ್ಧ ಅಕ್ಕಿ ನೆಲದ ಪಾಲಾಯಿತು. ಭಾಗ್ಯಾ ಕಾಳು ಕಾಳು ಬಳಿದು ತಾನೇ ಉಡಿಗೆ ಹಾಕಿಕೊಂಡಳು. ಮನೆ ಇನ್ನೂ ಸುತ್ತುತ್ತಲೇ ಇತ್ತು, ನಾನು ಅವಳ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಐದನೆಯದು ಪೂರ್ತಿ ಬಿತ್ತು. ಕಾಶೆವ್ವ ಗಟ್ಟಿಯಾಗಿ ಹಾಡು ಎತ್ತಿಕೊಂಡಳು, ರಾಗ ಎಲ್ಲಿಗೋ ಹೋಯಿತು, ಹೆಂಗಸರೆಲ್ಲ ನಕ್ಕು ಜೊತೆಗೂಡಿದರು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಆಮೇಲೆ ಉಡಿ ತುಂಬಿದವರೆಲ್ಲ ನೆಲದ ಮೇಲೆ ಕುಳಿತೇ ತುಂಬಿದರು. ಕುರ್ಚಿಗೆ ಹೂ ಕಟ್ಟಿದ ಹುಡುಗಿಯರ ಮುಖ ಮಾತ್ರ ಊದಿಕೊಂಡಿತ್ತು.

ಊಟಕ್ಕೆ ಮುಂಚೆ ಶಿವಗಂಗವ್ವ ಮಜ್ಜಿಗೆ ತಂದಳು. ಮೊಣಕಾಲು ಹಿಡಿದುಕೊಂಡು ನನ್ನ ಬಾಜೂ ಕುಳಿತು, ಮೊರದಿಂದ ನನಗೆ ಗಾಳಿ ಹಾಕತೊಡಗಿದಳು.

"ಚೊಚ್ಚಲ ಹೆರಿಗಿ ತವರಾಗ ಆಗಬೇಕು" ಎಂದಳು. "ಕರಕೊಂಡ ಹೋಗತೀ, ಹೌದಿಲ್ಲೋ?"

ತಲೆ ಆಡಿಸಿದರೆ ಮತ್ತೆ ತಿರುಗೀತೆಂದು ಬಾಯಿ ಬಿಟ್ಟು "ಹೂಂ" ಎಂದೆ. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಹೊರಗಿನ ಗಂಡಸರಿಗೂ ಕೇಳುವಂತೆ, "ಹೂಂ" ಎಂದೆ.