ಸರಸಕ್ಕನ ಬುಟ್ಟಿ

ವಾಮದಪದವಿನಲ್ಲಿ ಮೂಡಬಿದ್ರೆಯ ಬಸ್ಸು ಹತ್ತುವ ಮೊದಲು ಸಜ್ನಾ ಸೋಪು ಹಾಕಿ ಕೈ ತೊಳೆಯುತ್ತಿದ್ದಳು, ಮತ್ತೆ ಮೂಸಿ ನೋಡಿ ಇನ್ನೊಮ್ಮೆ ತೊಳೆಯುತ್ತಿದ್ದಳು. ಅವಳೇನೂ ಬೀಡಿ ಕಟ್ಟುತ್ತಿರಲಿಲ್ಲ. ಕಟ್ಟುವವಳು ಅವಳನ್ನು ಹೆತ್ತ ಉಮ್ಮ ಖದೀಜ. ಆದರೆ ಬೀಡಿ ಕಟ್ಟುವ ಮನೆಯಲ್ಲಿ ಹೊಗೆಸೊಪ್ಪಿನ ವಾಸನೆ ತಲೆದಿಂಬನ್ನೂ ಬಿಡುವುದಿಲ್ಲ. ಕಾಲೇಜಿನಲ್ಲಿ ಪಕ್ಕದ ಹುಡುಗಿ ಒಂದು ದಿನ ಮೂಗಿಗೆ ಕರವಸ್ತ್ರ ಹಿಡಿದಳು. ಪಾಪ, ಅವಳಿಗೆ ನೆಗಡಿಯೇ ಇದ್ದಿರಬಹುದು. ಸಜ್ನಾಳಿಗೆ ಮಾತ್ರ ಅಂದಿನಿಂದ ಸೋಪಿನ ಮೇಲೆ ವಿಪರೀತ ಭಕ್ತಿ ಹುಟ್ಟಿತು.

ಅದು ತೊಂಬತ್ತೊಂಬತ್ತನೇ ಇಸವಿ, ಬಿ.ಕಾಂ. ಮೊದಲನೇ ವರ್ಷ. ಕನ್ನಡ ಮೀಡಿಯಂನಲ್ಲಿ ಕಲಿತು ಬಂದವಳಿಗೆ ಇಂಗ್ಲಿಷ್ ಪಾಠಗಳು ಯಾವುವೂ ತಲೆಗೆ ಹತ್ತುತ್ತಿರಲಿಲ್ಲ. ಹತ್ತಿದ್ದು ಸ್ಟ್ಯಾಟಿಸ್ಟಿಕ್ಸ್ ಒಂದೇ. ಅದನ್ನು ಕಲಿಸುವ ಝಕರಿಯಾ ಸರ್ ಪುಸ್ತಕ ಮುಚ್ಚಿಟ್ಟು, ಪೇಟೆಯ ಮೀನು ಮಾರ್ಕೆಟ್ಟನ್ನೇ ತರಗತಿಗೆ ತರುವ ಮನುಷ್ಯ.

“ಮೇಲೆ ಇಟ್ಟ ಬಂಗುಡೆ ನೋಡಿ ಇಡೀ ಬುಟ್ಟಿ ತಗೊಂಡವ ಮನೆಯಲ್ಲಿ ಬೈಸಿಕೊಳ್ತಾನೆ. ಯಾಕೆ?” ಎಂದು ಅವರು ಒಂದು ಶುಕ್ರವಾರ ಕೇಳಿದರು.

“ಒಳ್ಳೆಯದನ್ನೇ ಮೇಲೆ ಇಟ್ಟಿರ್ತಾರೆ ಸರ್. ಕಣ್ಣು ಮುಚ್ಚಿ ಎಲ್ಲಿಂದಾದ್ರೂ ತೆಗೀಬೇಕು. ಅಡಿಯಿಂದಲೂ ತೆಗೀಬೇಕು,” ಎಂದಳು ಸಜ್ನಾ.

“ಶಾಬಾಸ್. ಅದೇ ರಾಂಡಮ್ ಸ್ಯಾಂಪ್ಲಿಂಗ್. ಈ ಹುಡುಗಿಗೆ ಸಬ್ಜೆಕ್ಟ್ ಹಿಡಿಸಿದೆ.”

ಇಡೀ ತರಗತಿ ತಿರುಗಿ ನೋಡಿತು. ಕರವಸ್ತ್ರದ ಹುಡುಗಿಯೂ ನೋಡಿದಳು. ಆ ಸಂತೋಷದಲ್ಲಿ ಸಜ್ನಾ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು, ಕಾಲು ನೋಯಲಿಲ್ಲ.

ಮರುದಿನ ಶನಿವಾರ, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಪ್ಪಿಸುವ ದಿನ. ಬ್ರಾಂಚ್ ಅಂದರೆ ಬಸ್‌ ನಿಲ್ದಾಣದ ಹತ್ತಿರ ಬೀಡಿ ಕಂಪೆನಿಯವರು ಇಟ್ಟ ಒಂದು ಕೋಣೆ. ಎಲೆ, ಸೊಪ್ಪು, ನೂಲು ಅಲ್ಲಿಂದ ಬರುತ್ತವೆ, ಬೀಡಿಯ ಕಟ್ಟುಗಳು ಅಲ್ಲಿಗೆ ಹೋಗುತ್ತವೆ. ಖದೀಜಳ ಬುಟ್ಟಿಯ ಜೊತೆಗೆ ಪಕ್ಕದ ಮನೆಯ ಸರಸಕ್ಕನ ಬುಟ್ಟಿಯನ್ನೂ ಸಜ್ನಾಳೇ ಬಸ್ಸಿಗೆ ಹೋಗುವಾಗ ಕೊಟ್ಟು ಹೋಗುತ್ತಿದ್ದಳು.

ಈ ಸರಸಕ್ಕ ಒಂದು ಕಾಲದಲ್ಲಿ ಬೀಡಿಗೆ ಊರಿಗೇ ಹೆಸರಾದವರು. ಖದೀಜಳಿಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. ಹಿಂದಿನ ಮಳೆಗಾಲದಲ್ಲಿ ಲಕ್ವ ಹೊಡೆದು ಮೈಯ ಒಂದು ಬದಿ ಸೋತು, ಆಮೇಲೆ ಸುಧಾರಿಸಿಕೊಂಡರೂ ಕೈಯ ನಡುಕ ಉಳಿಯಿತು. ಬೀಡಿ ಸಡಿಲವಾಯಿತು, ಮಡಚಿದ ಬಾಯಿ ಬಿಚ್ಚಿಕೊಂಡಿತು. ಕಟ್ಟುವುದನ್ನು ನಿಲ್ಲಿಸೋಣವೆಂದರೆ ಬೀಡಿ ಕಾರ್ಡ್ ಹೋಗುತ್ತದೆ. ಕಾರ್ಡ್ ಹೋದರೆ ಬೀಡಿ ಕಾರ್ಮಿಕರ ಆಸ್ಪತ್ರೆಯಲ್ಲಿ ಸಿಗುವ ಮದ್ದು ಹೋಗುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು. ಅದಕ್ಕೆ ಖದೀಜಳ ಮನೆಯ ಚಾವಡಿಯಲ್ಲಿ ಒಟ್ಟಿಗೆ ಕೂತು ಬೀಡಿ ಕಟ್ಟುವ ಹೆಂಗಸರು ಒಂದು ಉಪಾಯ ಮಾಡಿದರು. ಸರಸಕ್ಕನ ಬುಟ್ಟಿಯ ಮೇಲ್ಭಾಗಕ್ಕೆ ಖದೀಜ ತಾನು ಕಟ್ಟಿದ ಬಿಗಿಯಾದ ಕಟ್ಟುಗಳನ್ನು ಇಡುತ್ತಿದ್ದಳು. ಅಡಿಯಲ್ಲಿ ಸರಸಕ್ಕನದ್ದು. ಬ್ರಾಂಚಿನ ರುಕ್ಮಯ್ಯ ಮೇಲಿನದ್ದನ್ನೇ ಬಿಚ್ಚಿ ನೋಡಿ, “ಸರಿ ಉಂಟು” ಎಂದು ಕಾರ್ಡಿಗೆ ಬರೆಯುತ್ತಿದ್ದ. ಅವನಿಗೆ ಗೊತ್ತಿರಲಿಲ್ಲವೆಂದು ಯಾರಾದರೂ ತಿಳಿದಿದ್ದರೆ ಅವರು ರುಕ್ಮಯ್ಯನನ್ನು ನೋಡಿಲ್ಲ. ಅಷ್ಟು ವರ್ಷ ಬೀಡಿ ಮುಟ್ಟಿದ ಕೈಗೆ ಬುಟ್ಟಿ ಎತ್ತುವಾಗಲೇ ತಿಳಿಯುತ್ತದೆ.

ಇದು ಸಜ್ನಾಳಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಅವಳು ಆ ಚಾವಡಿಯಲ್ಲಿ ಕೂತರಲ್ಲವೇ! ಸರಸಕ್ಕ ಚಾ ಕೊಡುವಾಗ ಗ್ಲಾಸು ಅಲ್ಲಾಡುವುದನ್ನು ಅವಳು ಕಂಡಿದ್ದಳು. ಕಂಡದ್ದನ್ನು ಬೀಡಿಯ ಜೊತೆ ಸೇರಿಸಿ ನೋಡಿರಲಿಲ್ಲ, ಅಷ್ಟೇ.

ಆ ಶನಿವಾರ ಬ್ರಾಂಚಿನಲ್ಲಿ ರುಕ್ಮಯ್ಯನ ಪಕ್ಕದ ಕುರ್ಚಿಯಲ್ಲಿ ಕಂಪೆನಿಯ ಇನ್ಸ್‌ಪೆಕ್ಟರ್ ಕೂತಿದ್ದರು. ಬಂಟ್ವಾಳದಿಂದ ಬಂದವರು, ಇಸ್ತ್ರಿ ಅಂಗಿ. ಸಜ್ನಾಳನ್ನು ನೋಡಿ, “ನೀನು ಎಷ್ಟು ಕಟ್ತೀ ದಿನಕ್ಕೆ?” ಎಂದರು.

ಮುಖಕ್ಕೆ ಹೊಡೆದ ಹಾಗಾಯಿತು ಅವಳಿಗೆ. ಅಷ್ಟು ಸೋಪು ಹಾಕಿ ತೊಳೆದದ್ದು ಇದಕ್ಕೇನು?

“ನಾನು ಕಟ್ಟುದಿಲ್ಲ. ನಾನು ಮೂಡಬಿದ್ರೆಯಲ್ಲಿ ಬಿ.ಕಾಂ.”

“ಓ, ಹಾಗಾ,” ಎಂದರು ಅವರು, ನಂಬದವರ ಹಾಗೆ.

ರುಕ್ಮಯ್ಯ ಎಂದಿನಂತೆ ಖದೀಜಳ ಬುಟ್ಟಿಯ ಮೇಲಿನ ಒಂದು ಕಟ್ಟು ಬಿಚ್ಚಿ ನೋಡಿ ಬದಿಗಿಟ್ಟ. ಸಜ್ನಾಳಿಗೆ ತಡೆಯಲಾಗಲಿಲ್ಲ.

“ಹಾಗೆ ನೋಡಿದ್ರೆ ಹೇಗೆ ಗೊತ್ತಾಗ್ತದೆ ರುಕ್ಮಯ್ಯಣ್ಣ? ಅದು ಸ್ಯಾಂಪಲ್ ಆಗುದಿಲ್ಲ.”

“ನಿನಗೆ ಬಸ್ಸಿಗೆ ಹೊತ್ತಾಗ್ಲಿಲ್ವ?” ಎಂದ ರುಕ್ಮಯ್ಯ, ತಲೆ ಎತ್ತದೆ.

“ಅಲ್ಲ, ಅವಳು ಹೇಳ್ಲಿ,” ಎಂದರು ಇನ್ಸ್‌ಪೆಕ್ಟರ್. “ಮತ್ತೆ ಹೇಗೆ ನೋಡ್ಬೇಕು?”

ಕಾಲೇಜು ಹುಡುಗಿ ಹೇಳಿದಳು. ರಾಂಡಮ್ ಸ್ಯಾಂಪ್ಲಿಂಗ್ ಎಂದಳು, ಬಂಗುಡೆಯ ಬುಟ್ಟಿಯನ್ನೂ ಬಿಡಲಿಲ್ಲ. ಝಕರಿಯಾ ಸರ್ ಹೇಳಿದ ಧಾಟಿಯಲ್ಲೇ ಕೈ ಆಡಿಸಿ ಹೇಳಿದಳು. ಸಾಲಿನಲ್ಲಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಮೆಚ್ಚುಗೆಯೆಂದೇ ತಿಳಿದಳು.

“ಹುಡುಗಿ ಹೇಳುದು ಸರಿ ಉಂಟು ರುಕ್ಮಯ್ಯ. ನೀವು ಇಷ್ಟು ವರ್ಷ ಏನು ನೋಡಿದ್ದು?”

“ಬೇಕಿದ್ರೆ ಇದರಲ್ಲಿ ನೋಡಿ ಸರ್,” ಎಂದು ಸಜ್ನಾ ಸರಸಕ್ಕನ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಊರಿಗೇ ಹೆಸರಾದ ಬೀಡಿ. ಅಡಿಯಿಂದ ತೆಗೆದರೇನು, ಮೇಲಿಂದ ತೆಗೆದರೇನು?

“ಬೇಡ ಸರ್, ಅವರದ್ದು ಯಾವಾಗ್ಲೂ ಸರಿ ಇರ್ತದೆ,” ಎಂದು ರುಕ್ಮಯ್ಯ ಎದ್ದೇ ನಿಂತ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಅಂಗಿಯ ಕೈ ಮಡಚಿ ಬುಟ್ಟಿಯ ತಳಕ್ಕೆ ಕೈ ಹಾಕಿಯಾಗಿತ್ತು.

ಹೊರಗೆ ಬಂದ ಕಟ್ಟು ಬೆರಳಲ್ಲಿ ಅದುಮಿದರೆ ಕುಸಿಯುವಂತಿತ್ತು. ಬಿಚ್ಚಿದಾಗ ಸೊಪ್ಪು ಮೇಜಿನ ಮೇಲೆ ಉದುರಿತು. ಇನ್ನೊಂದು ತೆಗೆದರು, ಅದೂ ಹಾಗೆಯೇ. ಇಡೀ ಬುಟ್ಟಿಯನ್ನು ಮೇಜಿನ ಮೇಲೆ ಕವುಚಿದರು. ಅಡಿಯ ಬೀಡಿಗಳನ್ನು ಒಂದೊಂದಾಗಿ ಮುರಿದರು. ಕೊನೆಗೆ ಸರಸಕ್ಕನ ಕಾರ್ಡನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, “ಇವರಿಗೆ ಇನ್ನು ಎಲೆ ಕೊಡ್ಬೇಡಿ,” ಎಂದರು. ಆಮೇಲೆ ಸಜ್ನಾಳಿಗೆ, “ಚೆನ್ನಾಗಿ ಓದು,” ಎಂದರು.

ರುಕ್ಮಯ್ಯ ಬೈದಿದ್ದರೆ ಚೆನ್ನಾಗಿತ್ತು. ಅವನು ಖಾಲಿ ಬುಟ್ಟಿಯನ್ನು ಅವಳ ಕೈಗೆ ಕೊಟ್ಟು, “ಮನೆಗೆ ಹೋಗು,” ಎಂದ, ಅಷ್ಟೇ. ಮೂಡಬಿದ್ರೆಯ ಬಸ್ಸು ಎದುರಿಗೇ ಬಂದು ನಿಂತು, ಮುಂದೆ ಹೋಯಿತು. ಅವಳು ಹತ್ತಲಿಲ್ಲ.

ಚಾವಡಿಯಲ್ಲಿ ಖದೀಜ ಎಲೆ ಕತ್ತರಿಸುತ್ತಿದ್ದಳು. ಸರಸಕ್ಕ ಗೋಡೆಗೆ ಒರಗಿ ಕೂತು ನೂಲು ಬಿಡಿಸುತ್ತಿದ್ದರು.

“ಎಂತ ಇಷ್ಟು ಬೇಗ? ಕಾಲೇಜಿಲ್ವಾ?” ಎಂದಳು ಖದೀಜ.

“ಇನ್ಸ್‌ಪೆಕ್ಟರ್ ಬಂದಿದ್ರು. ಸರಸಕ್ಕನ ಬೀಡಿ ಎಲ್ಲ ಮುರಿದ್ರು. ಕಾರ್ಡ್ ತಗೊಂಡು ಹೋದ್ರು.”

ಖದೀಜಳ ಕತ್ತರಿ ನಿಂತಿತು. ಸರಸಕ್ಕ ಮಾತ್ರ ಕಾರ್ಡಿನ ಮಾತೇ ಎತ್ತಲಿಲ್ಲ. ನಡುಗುವ ಕೈಯಲ್ಲಿ ಸಜ್ನಾಳ ಕೈ ಹಿಡಿದುಕೊಂಡರು.

“ಎಲ್ಲರ ಎದುರು ನಿನಗೆ ಬೈದ್ರಾ ಮಗಾ? ನನ್ನ ಕಳ್ಳ ಬುಟ್ಟಿ ಹೊತ್ತು ನಿನ್ನ ಮರ್ಯಾದೆ ಹೋಯ್ತಲ್ಲ. ಕಾಲೇಜಿಗೆ ಹೋಗುವ ಹುಡುಗಿ ನೀನು. ನನಗೇ ನಾಚಿಕೆ ಆಗ್ತದೆ.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ರುಕ್ಮಯ್ಯ ಬಾಯಿ ಬಿಡುವವನಲ್ಲ. ಸಾಲಿನ ಹೆಂಗಸರು ಹೇಳಿದರೂ ಇನ್ಸ್‌ಪೆಕ್ಟರ್ ತಾವಾಗಿಯೇ ನೋಡಿದ್ದೆಂದು ವಾದಿಸಬಹುದಿತ್ತು. ಸಜ್ನಾ ಇದನ್ನೆಲ್ಲ ಯೋಚಿಸಿದಳು. ಯೋಚಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

“ನನಗೆ ಯಾರೂ ಬೈಲಿಲ್ಲ ಸರಸಕ್ಕ. ಅಡಿಯಿಂದ ತೆಗೆದು ನೋಡಿ ಅಂತ ಹೇಳಿದ್ದೇ ನಾನು. ನಿಮ್ಮ ಬುಟ್ಟಿಯನ್ನು ನಾನೇ ಮುಂದೆ ಇಟ್ಟೆ. ನನಗೆ ಗೊತ್ತಿರ್ಲಿಲ್ಲ.”

“ನೀನಾ?” ಎಂದರು ಸರಸಕ್ಕ. “ಯಾಕೆ?”

ಯಾಕೆ? ತಾನು ಬೀಡಿ ಕಟ್ಟುವವಳಲ್ಲವೆಂದು ಇಸ್ತ್ರಿ ಅಂಗಿಯ ಮನುಷ್ಯನಿಗೆ ತೋರಿಸಲು. ಅದನ್ನು ಆ ಚಾವಡಿಯಲ್ಲಿ, ಆ ಇಬ್ಬರ ಮುಂದೆ, ಅವಳು ಯಾವ ಬಾಯಲ್ಲಿ ಹೇಳಬೇಕು? ಅವಳ ಕೈ ಹಿಡಿದಿದ್ದ ಕೈ ಮೆಲ್ಲಗೆ ಸಡಿಲವಾಯಿತು.

ಸರಸಕ್ಕ ಗೋಡೆ ಹಿಡಿದು ಎದ್ದರು. ಬುಟ್ಟಿಯನ್ನು ಅವರ ಮನೆಗೆ ಮುಟ್ಟಿಸಲೆಂದು ಸಜ್ನಾ ಬಗ್ಗಿದಳು.

“ಬೇಡ. ನಾನೇ ತಗೊಂಡು ಹೋಗ್ತೇನೆ,” ಎಂದರು ಸರಸಕ್ಕ.

ಖಾಲಿ ಬುಟ್ಟಿ. ಆದರೂ ಅಂಗಳ ದಾಟುವವರೆಗೆ ಅದು ಅವರ ಕೈಯಲ್ಲಿ ನಡುಗುತ್ತಲೇ ಇತ್ತು.