ಕಾಗದದ ಮೇಲಿನ ಅಮ್ಮ

ಆಸ್ಪತ್ರೆಯ ಲಾಂಡ್ರಿಯಲ್ಲಿ ರಕ್ತದ ಕಲೆಯ ಚಾದರ ಒಗೆಯುತ್ತಿದ್ದವಳು ಅದೇ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತಳು. ಮರುದಿನ ಜನನ ಬರೆದುಕೊಳ್ಳುವ ಗುಮಾಸ್ತ ಬಂದ. ಪಕ್ಕದ ಮಂಚದವಳ ಹತ್ತಿರ ಒಂದು ಚೂರು ದಾಖಲೆಯೂ ಇರಲಿಲ್ಲ. ಆತ ಅವಳ ಮುಖ ನೋಡಿ, “ನಮ್ಮೋರೇ ಬಿಡಮ್ಮ,” ಎಂದು ‘ಈ ದೇಶದ ಪ್ರಜೆ’ ಅಂತ ಗೀಚಿದ. ಆಮೇಲೆ ಇವಳ ಮುಖ ನೋಡಿದ.

“ತಮಿಳರಾ? ಯಾವಾಗ ಬಂದಿದ್ದು?”

“ಬಂದಿದ್ದು ನಮ್ಮ ಮುತ್ತಜ್ಜ ಸಾರ್, ಕಡಲು ದಾಟಿ ರಬ್ಬರ್ ತೋಟಕ್ಕೆ. ನಾನು ಹುಟ್ಟಿದ್ದು ಇಲ್ಲೇ.”

“ಬರೆದಿದೆಯಾ ಎಲ್ಲಾದ್ರೂ?”

ಬರೆದಿರಲಿಲ್ಲ. ತೋಟದ ದೊರೆಗಳು ಕೂಲಿಯವರ ತಲೆ ಎಣಿಸಿದ್ದರೇ ಹೊರತು ಹೆಸರು ಬರೆಸಿರಲಿಲ್ಲ. ‘ನಮ್ಮ ಗುರುತು ಹಿಡಿಯೋದು ಸೊಳ್ಳೆಗಳು ಮಾತ್ರ’ ಎಂದು ಅವಳ ಗಂಡ ನಗಾಡುತ್ತಿದ್ದ. ಕಾಗದವಿಲ್ಲವೆಂದು ಹಿರಿಮಗಳನ್ನು ಶಾಲೆಯಿಂದ ಹೊರಹಾಕಿದ ಮೇಲೆ ಆ ನಗೆಯೂ ನಿಂತುಹೋಗಿತ್ತು. ಈಗ ಆ ಹುಡುಗಿಯೂ ಅಮ್ಮನ ಪಕ್ಕದಲ್ಲಿ ನಿಂತು ಬಟ್ಟೆ ಹಿಂಡುತ್ತಿದ್ದಳು.

ಗುಮಾಸ್ತ ನಾಳೆ ಬರುತ್ತೇನೆಂದು ಹೋದ. ಸಂಜೆ ನರ್ಸಕ್ಕ ಬಂದು ಮಂಚದ ತುದಿಯಲ್ಲಿ ಕೂತಳು. ಗುಮಾಸ್ತನ ಜನದವಳೇ; ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲದವಳು.

“ನಂದು ಅಂತ ಬರೆಸ್ತೀನಿ ಕಣೆ. ಹೆಸರಿಗಷ್ಟೇ. ಮಗು ನಿನ್ನ ಮಡಿಲಲ್ಲೇ ಬೆಳೀಲಿ.”

ಗಂಡ ಉರಿದುಬಿದ್ದ. “ನಾನು ಬದುಕಿರುವಾಗ ಅವನಿಗೆ ಇನ್ನೊಬ್ಬ ಅಪ್ಪನಾ?”

“ನಿನ್ನ ಹೆಸರು ಕಟ್ಕೊಂಡು ಮಗಳಿಗೇನು ಸಿಕ್ತು?” ಹೆಂಡತಿ ಅಂದುಬಿಟ್ಟಳು. ಮರುದಿನ ಗುಮಾಸ್ತ ತಾಯಿಯ ಜಾಗದಲ್ಲಿ ನರ್ಸಕ್ಕನ ಹೆಸರು ಬರೆದುಕೊಂಡ.

ಕೆಲವು ವರ್ಷ ಎಲ್ಲ ಸುಸೂತ್ರವಾಗಿತ್ತು. ಹುಡುಗ ಶಾಲೆಗೆ ಹೋದ. ನರ್ಸಕ್ಕ ಆಗಾಗ ಬಂದು ಅವನನ್ನು ತನ್ನ ಮನೆಗೆ ಕರೆದೊಯ್ಯುತ್ತಿದ್ದಳು. ಬರಬರುತ್ತ ಅದು ದಿನನಿತ್ಯದ ಮಾತಾಯಿತು. ಕೊನೆಗೆ ಅವಳಿಗೆ ದೂರದೂರಿಗೆ ವರ್ಗವಾಯಿತು. ಅವಳು ಊರು ಬಿಡುವ ದಿನ ಹುಡುಗ ಶಾಲೆಯಿಂದ ಮನೆಗೆ ಬರಲಿಲ್ಲ.

ಕಾಗದವಿಲ್ಲದವರು ಪೊಲೀಸ್ ಠಾಣೆಯ ಬೀದಿಯನ್ನೇ ತುಳಿಯುತ್ತಿರಲಿಲ್ಲ. ಅವಳು ಎದ್ದೆನೋ ಬಿದ್ದೆನೋ ಎಂದು ಅಲ್ಲಿಗೇ ಓಡಿದಳು. ಬಸ್ ನಿಲ್ದಾಣದಲ್ಲಿ ಸಿಕ್ಕ ನರ್ಸಕ್ಕನನ್ನೂ ಹುಡುಗನನ್ನೂ ಪೊಲೀಸರು ಕರೆತಂದರು. ಅಧಿಕಾರಿ ಜನನಪತ್ರ ಓದಿ ತಲೆಯೆತ್ತಿದ.

“ಇಲ್ಲಿ ತಾಯಿ ಇವ್ರು. ನೀನ್ಯಾರು?”

“ಹೆತ್ತೋಳು ನಾನು ಸಾರ್.”

“ಪತ್ರ ಸುಳ್ಳು ಅಂತೀಯಾ? ರದ್ದು ಮಾಡಿಸ್ತೀನಿ. ಹುಡುಗನೂ ನಿಮ್ಮ ಹಾಗೇ ಆಗ್ತಾನೆ. ಹೇಳು.”

ಹುಡುಗ ಓಡಿಬಂದು ಅವಳ ಸೆರಗು ಹಿಡಿದಿದ್ದ. ಅವಳಿಗೆ ಸೋಪಿನ ನೀರಿಗೆ ಬಿರಿದ ಮಗಳ ಕೈಗಳು ಕಣ್ಣಿಗೆ ಕಟ್ಟಿದವು.

“ಆಯಾ ಸಾರ್,” ಅಂದಳು. “ಎತ್ತಾಡಿಸಿದೋಳು. ಬಿಟ್ಟಿರೋಕಾಗ್ದೆ ಬಾಯಿಗೆ ಬಂದದ್ದು ಹೇಳ್ಬಿಟ್ಟೆ.”

“ಅಮ್ಮಾ!” ಎಂದ ಹುಡುಗ.

“ನಿಮ್ಮಮ್ಮನ ಹತ್ರ ಹೋಗಪ್ಪ,” ಎನ್ನುತ್ತ ಸೆರಗಿನಿಂದ ಅವನ ಬೆರಳು ಒಂದೊಂದನ್ನೇ ಬಿಡಿಸಿದಳು.

ನರ್ಸಕ್ಕ ಅಳುತ್ತಲೇ ಅವನನ್ನು ಎತ್ತಿಕೊಂಡು ಹೋದಳು. ಹೊರಗಿನ ಕಟ್ಟೆಯ ಮೇಲೆ, ಒಳಗೆ ಕಾಲಿಡಲು ಹೆದರಿ, ಗಂಡ ಕೂತಿದ್ದ.

“ಏನ್ ಹೇಳ್ದೆ ಒಳಗೆ?”

ಹೇಳಿದಳು. ಅವನು ಎದ್ದು ಒಬ್ಬನೇ ನಡೆದುಬಿಟ್ಟ. ಅವಳು ಅದೇ ಕಟ್ಟೆಯ ಮೇಲೆ ಕೂತಳು. ನಿಲ್ದಾಣದ ಕಡೆಯಿಂದ ಬಸ್ಸು ಹೊರಟ ಸದ್ದು ಕೇಳಿಸಿತು. ಅದು ಯಾವ ಊರಿಗೆ ಹೋಗುವ ಬಸ್ಸೆಂದು ಅವಳು ಯಾರನ್ನೂ ಕೇಳಿರಲಿಲ್ಲ.