ಮುಖ ಊದದ ದಿನ

ಆ ನಾಯಿಗೆ ಬೊಗಳೆ ಅಂತ ಹೆಸರಿಟ್ಟವನು ತಮ್ಮ. ಬೊಗಳುವುದೊಂದನ್ನು ಬಿಟ್ಟು ಮಿಕ್ಕ ಎಲ್ಲ ಕಿತಾಪತಿಯನ್ನೂ ಮಾಡುತ್ತಿದ್ದ ನಾಯಿ ಅದು. ತಂದವನು ತಮ್ಮ, ಸಾಕಿದವಳು ಅಮ್ಮ. ಅಕ್ಕ ಪ್ರಾಣಿಗಳ ಡಾಕ್ಟರಾದ್ದರಿಂದ ಸೂಜಿ ಚುಚ್ಚಿ ಕೆಟ್ಟವಳಾಗುವ ಭಾಗ್ಯ ಅವಳದು.

ತಮ್ಮನಿಗೆ ಆಗಾಗ ಹೊಸ ಹುಚ್ಚು ಹಿಡಿಯುತ್ತಿತ್ತು. ಈ ಸಲ ಹಿಡಿದದ್ದು ಜೇನಿನ ಹುಚ್ಚು. ಹಿತ್ತಿಲ ಗೋಡೆಗೆ ಒತ್ತಿ ಎರಡು ಪೆಟ್ಟಿಗೆ ಇಟ್ಟ. ಬೊಗಳೆ ಹುಳಗಳನ್ನು ಗಾಳಿಯಲ್ಲೇ ಹಿಡಿಯಲು ಎಗರಾಡುತ್ತಿತ್ತು, ಆಗೀಗ ಕಚ್ಚಿಸಿಕೊಂಡು ಕುಯ್ಯೆಂದು ಒಳಗೋಡುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ಅದರ ಮೂತಿ ಊದಿ ಕುಂಬಳಕಾಯಿಯಾಯಿತು. ಕಣ್ಣು ಸೀಳಿನಷ್ಟಾಯಿತು, ತುಟಿ ಜೋತುಬಿತ್ತು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ, ಫೋಟೊ ತೆಗೆದು ಊರಿಗೆಲ್ಲ ಹಂಚಿದ.

ಅಕ್ಕನಿಗೂ ಆ ಫೋಟೊ ಬಂತು. ಅವಳು ನಗಲಿಲ್ಲ. ಆಸ್ಪತ್ರೆಯಿಂದ ನೇರ ಬಂದು ಇಂಜೆಕ್ಷನ್ ಕೊಟ್ಟು, ಊತ ಇಳಿಯುವವರೆಗೆ ಕೂತು, ತಮ್ಮನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಮೊದಮೊದಲು ಕಚ್ಚಿದಾಗ ಮೈ ಆ ವಿಷದ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಆಮೇಲೆ ಅದೇ ವಿಷ ಒಳಗೆ ಬಂದರೆ, ಕಾವಲಿಗೆ ನಿಂತ ಜೀವಕೋಶಗಳು ತಮ್ಮಲ್ಲಿರುವ ರಾಸಾಯನಿಕವನ್ನೆಲ್ಲ ಒಮ್ಮೆಗೇ ಚೆಲ್ಲಿಬಿಡುತ್ತವೆ. ಬರೀ ಮುಖದಲ್ಲಿ ಚೆಲ್ಲಿದರೆ ಊತ. ಮೈತುಂಬ ಚೆಲ್ಲಿದರೆ ರಕ್ತನಾಳಗಳು ಸಡಿಲಾಗಿ, ರಕ್ತದೊತ್ತಡ ಪಾತಾಳಕ್ಕಿಳಿದು, ಪ್ರಾಣಕ್ಕೇ ಸಂಚಕಾರ. ಮುಂದಿನ ಸಲ ಹಾಗೇ ಆಗುತ್ತದೆಂದಲ್ಲ, ಆಗಬಹುದು. ಆದ್ದರಿಂದ ಪೆಟ್ಟಿಗೆಗಳನ್ನು ಬೇರೆ ಕಡೆ ಸಾಗಿಸು, ಅಲ್ಲಿಯವರೆಗೆ ಬೊಗಳೆಯನ್ನು ಹಿತ್ತಿಲಿಗೆ ಬಿಡಬೇಡ ಅಂದಳು.

"ನೀನು ಡಾಕ್ಟ್ರು ಅಲ್ವಾ ಅಕ್ಕ, ನಿಂಗೆ ಸೀನಿದ್ರೂ ಕಾಯಿಲೆನೇ ಕಾಣ್ಸುತ್ತೆ" ಅಂದ ತಮ್ಮ.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಪೆಟ್ಟಿಗೆಗಳು ಕದಲಲಿಲ್ಲ. ಒಂದು ಭಾನುವಾರ ತಮ್ಮನ ಗೆಳೆಯರು ಜೇನು ತೆಗೆಯುವುದನ್ನು ನೋಡಲು ಬಂದರು. ಆ ಫೋಟೊ ನೋಡಿದ್ದ ಒಬ್ಬ, ಎಲ್ಲಿ ನಿಮ್ಮ ಕುಂಬಳಕಾಯಿ ಎಂದು ಕೇಳಿದ. ತಮ್ಮ ಹಿತ್ತಿಲ ಬಾಗಿಲು ತೆಗೆದು ಬೊಗಳೆಯನ್ನು ಕರೆದ. ಬೇಡ ಕಣೋ ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗಿದ್ದು ಅವರ ನಗುವಿನಲ್ಲಿ ಮುಳುಗಿತು.

ಪೆಟ್ಟಿಗೆ ತೆರೆದಿದ್ದಕ್ಕೆ ಕೆರಳಿದ್ದ ಹುಳಗಳು ನಾಯಿಯ ಮೂತಿಗೆ, ಕಿವಿಗೆ ಮುತ್ತಿದವು. ಎಲ್ಲರೂ ಫೋನ್ ಹಿಡಿದು ಮುಖ ಊದುವುದನ್ನೇ ಕಾದರು. ಊದಲಿಲ್ಲ. ಬೊಗಳೆ ವಾಂತಿ ಮಾಡಿತು, ನಿಂತಲ್ಲೇ ಭೇದಿ ಮಾಡಿತು, ಗೋಡೆಯ ಬುಡದಲ್ಲಿ ಮಲಗಿತು. ಮುಖ ಊದಿಲ್ಲವಲ್ಲ, ಏನೋ ಹಾಳುಮೂಳು ತಿಂದಿರಬೇಕು, ಮಲಗಲಿ ಬಿಡಿ ಎಂದ ತಮ್ಮ. ಅಮ್ಮ ಬಂದು ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದಂತಿತ್ತು. ಅವಳು ಯಾರನ್ನೂ ಕೇಳಲಿಲ್ಲ. ನಾಯಿಯನ್ನು ಸೀರೆಯಲ್ಲಿ ಸುತ್ತಿ, ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಅಕ್ಕನ ಆಸ್ಪತ್ರೆಗೆ ಹೊರಟಳು.

ಅಕ್ಕ ಮೇಜಿನ ಮೇಲೆ ಮಲಗಿದ್ದ ಬೊಗಳೆಯ ತೊಡೆಯ ಸಂದಿಗೆ ಬೆರಳಿಟ್ಟಳು. ನಾಡಿ ಸಿಗಲೊಲ್ಲದು. ಅಡ್ರಿನಲಿನ್ ಎಳೆದು ತೊಡೆಯ ಮಾಂಸಕ್ಕೆ ಚುಚ್ಚಿದಳು, ಮುಂಗಾಲಿಗೆ ಡ್ರಿಪ್ ಹಾಕಿ ಜೋರಾಗಿ ಬಿಟ್ಟಳು. ಸ್ಕ್ಯಾನಿನಲ್ಲಿ ಪಿತ್ತಕೋಶದ ಗೋಡೆ ನೀರು ತುಂಬಿ ದಪ್ಪಗಾಗಿತ್ತು. ಏಟು ಮೈಯೊಳಗೇ ಬಿದ್ದಿದೆ ಎಂಬುದಕ್ಕೆ ಅದೇ ಗುರುತು.

ಅಷ್ಟರಲ್ಲಿ ತಮ್ಮ ಬಂದು ಬಾಗಿಲಲ್ಲಿ ನಿಂತ. ಮುಖ ಊದಿರಲಿಲ್ಲ, ಅದಕ್ಕೇ ಗೊತ್ತಾಗಲಿಲ್ಲ ಎಂದು ತೊದಲಿದ. ಅಕ್ಕ ತಲೆಯೆತ್ತದೆ ಉತ್ತರ ಕೊಟ್ಟಳು. ಬೆಕ್ಕಿಗೆ, ದನಕ್ಕೆ ಹೀಗಾದರೆ ಹೆಚ್ಚಾಗಿ ಉಸಿರು ಕಟ್ಟುತ್ತದೆ. ನಾಯಿಗೆ ಮೊದಲ ಏಟು ಬೀಳುವುದು ಪಿತ್ತಜನಕಾಂಗಕ್ಕೆ, ಕರುಳಿಗೆ. ರಕ್ತವೆಲ್ಲ ಅಲ್ಲೇ ಮಡುಗಟ್ಟಿ ಹೃದಯಕ್ಕೆ ವಾಪಸು ಬರುವುದಿಲ್ಲ. ಮುಖ ಊದಲೇಬೇಕು ಅಂತೇನಿಲ್ಲ, ಊದುವಷ್ಟು ಹೊತ್ತು ಪ್ರಾಣ ಕಾಯುವುದೂ ಇಲ್ಲ.

ಎರಡನೇ ಸಲ ಅಡ್ರಿನಲಿನ್ ಕೊಟ್ಟ ಮೇಲೆ ಬೆರಳಿನಡಿ ನಾಡಿ ಸಿಕ್ಕಿತು. ಆದರೆ ಅವಳು ನಂಬಲಿಲ್ಲ. ಇಳಿದ ರೋಗ ಮರಳಿ ಏರುವುದುಂಟು. ಆ ರಾತ್ರಿಯೆಲ್ಲ ಬೊಗಳೆ ರಕ್ತಭೇದಿ ಮಾಡಿತು, ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒರೆಸುತ್ತ ಕೂತಳು. ಬೆಳಗ್ಗೆ ಅದು ಅಮ್ಮನ ಕೈ ನೆಕ್ಕಿತು.

ತಮ್ಮನಿಗೆ ಹೋದ ಜೀವ ಬಂದಂತಾಯಿತು. "ಸದ್ಯ, ಸರಿಹೋಯ್ತಲ್ಲ ಅಕ್ಕ. ಇನ್ಯಾಕೆ ಮುಖ ಗಂಟಿಕ್ಕೊಂಡಿದ್ದೀಯ? ನಂಗೇನು ಗೊತ್ತಿತ್ತಾ ಹೀಗಾಗುತ್ತೆ ಅಂತ" ಅಂದ.

ಅಕ್ಕ ರಾತ್ರಿಯಿಡೀ ಅದುಮಿಟ್ಟಿದ್ದ ಸಿಟ್ಟು ಆಗ ಹೊರಗೆ ಬಂತು. ಅವಳು ದನಿ ಏರಿಸಲಿಲ್ಲ.

"ಗೊತ್ತಿತ್ತು. ನಾನೇ ಹೇಳಿದ್ದೆ. ಗೊತ್ತಿಲ್ದೆ ಮಾಡಿದ್ರೆ ನಿನ್ ಜೊತೆ ನಾನೂ ಅಳ್ತಿದ್ದೆ ಕಣೋ, ನೀನು ಗೊತ್ತಿದ್ದೂ ಬಾಗ್ಲು ತೆಗ್ದೆ, ನಾಲ್ಕು ಜನ ನಗ್ಲಿ ಅಂತ. ಅದು ಬದುಕಿದೆ ಅಂದ ಮಾತ್ರಕ್ಕೆ ನೀನು ಮಾಡಿದ್ದು ಸತ್ತುಹೋಗಲ್ಲ."

ತಮ್ಮ ಅಮ್ಮನ ಕಡೆ ತಿರುಗಿದ. ಇಂಥ ಹೊತ್ತಿನಲ್ಲೆಲ್ಲ ಅಮ್ಮ, ಹೋಗ್ಲಿ ಬಿಡಮ್ಮ, ಚಿಕ್ಕೋನು ಅಂತ ಅಡ್ಡ ಬರುವವಳು. ಚಿಕ್ಕವನ ತಲೆ ನರೆಯತೊಡಗಿದ್ದರೂ ಆ ಮಾತು ಬದಲಾಗಿರಲಿಲ್ಲ. ಅವತ್ತು ಅವಳು ಮಗನನ್ನು ನೋಡಲೂ ಇಲ್ಲ.

"ನಾನು ಬೊಗಳೆ ಜೊತೆ ಇವಳ ಮನೇಲಿರ್ತೀನಿ. ನಿನ್ನ ಹುಳ ನೀನು ನೋಡ್ಕೋ" ಅಂದಳು.

ಹೇಳಿದಂತೆ ಅಕ್ಕನ ಮನೆಗೆ ಬಂದಳು. ವಾರ ಕಳೆಯುವುದರೊಳಗೆ ತಮ್ಮ ಪೆಟ್ಟಿಗೆಗಳನ್ನು ಊರಾಚೆ ಯಾರದೋ ತೋಟಕ್ಕೆ ಸಾಗಿಸಿದ. ಸಾಗಿಸಿದ್ದೇನೆ, ಬನ್ನಿ ಎಂದು ಫೋನ್ ಮಾಡಿದ. ಅಮ್ಮ ಮತ್ತೂ ಒಂದು ತಿಂಗಳು ಕಾಯಿಸಿ ನಾಯಿಯ ಸಮೇತ ವಾಪಸು ಹೋದಳು. ಹೊರಡುವ ಮುಂಚೆ ಅಕ್ಕ ಅವಳನ್ನು ಕೂರಿಸಿ, ತಲೆದಿಂಬನ್ನೇ ನಾಯಿಯ ತೊಡೆ ಮಾಡಿಕೊಂಡು ಸೂಜಿ ಚುಚ್ಚುವುದನ್ನು ಕಲಿಸಿದಳು, ಅಳತೆ ಮಾಡಿದ ಅಡ್ರಿನಲಿನ್ ಔಷಧಿಯನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಳು.

ತಮ್ಮ ಕರೆದುಕೊಂಡು ಹೋಗಲು ಬಂದಿದ್ದ. ಬೊಗಳೆ ಅವನನ್ನು ಕಂಡದ್ದೇ ಬಾಲ ಮುರಿದುಹೋಗುವಂತೆ ಅಲ್ಲಾಡಿಸಿ ಮೈಮೇಲೆ ಹಾರಿತು. ಅದಕ್ಕೆ ಯಾವ ಸಿಟ್ಟೂ ಇರಲಿಲ್ಲ. ಅದನ್ನು ನೋಡಿ ಅಕ್ಕನ ಮೈ ಇನ್ನಷ್ಟು ಉರಿಯಿತು. ತಮ್ಮ ನಾಯಿಯ ಕುತ್ತಿಗೆಗೆ ಮುಖ ಒತ್ತಿ, ತಲೆಯೆತ್ತದೆ, ತಪ್ಪಾಯ್ತು ಅಂದ. ನಾಯಿಗೆ ಹೇಳಿದನೋ, ಅವಳಿಗೆ ಹೇಳಿದನೋ.

ಅಕ್ಕ ಅಮ್ಮನ ಚೀಲವನ್ನು ಕಾರಿನಲ್ಲಿಟ್ಟು, ಔಷಧಿಯ ಡಬ್ಬಿಯನ್ನು ಬಿಸಿಲು ತಾಗದ ಕಡೆ ಇಡಲು ಹೇಳಿ ಒಳಗೆ ಹೋದಳು.